ಡಾಕ್ಟರ ಮುಂದೆ ‘ಅಡ್ಡಿಲ್ಲೆ’ ಅನ್ನಬೇಡ

ತಮ್ಮಾ,

ನಿನ್ನ ಪತ್ರ ಸಿಕ್ಕಿದಾಗ ನಾನು ಶಿರಸಿಯಲ್ಲಿದ್ದೆ. ಮೂರು ವಾರದ ರಜೆಗೆ ತವರಿಗೆ ಬಂದಿದ್ದೇನೆ. ಸೆಪ್ಟೆಂಬರ್ ಮುಗಿಯುತ್ತ ಬಂದರೂ ಮಳೆ ಪೂರ್ತಿ ಬಿಟ್ಟಿಲ್ಲ. ಗೋಡೆ ಮೇಲೆ ಬೂಷ್ಟು, ಟ್ರಂಕಿನಲ್ಲಿಟ್ಟ ರೇಷ್ಮೆ ಸೀರೆಗೂ ಬೂಷ್ಟು. ಬಂದ ಎರಡನೇ ರಾತ್ರಿಯೇ ನನ್ನ ಎದೆ ಸುಂಯ್ ಅಂದಿತು. ಆಯಿ ಎದ್ದು ಕಷಾಯ ಕಾಸಿದಳು. ಅದನ್ನು ಕುಡಿದೆ, ಇನ್‌ಹೇಲರನ್ನೂ ತಗೊಂಡೆ. ಬೆಳಿಗ್ಗೆ ಆರಾಮಾದದ್ದು ಕಷಾಯದಿಂದಲೇ ಅಂತ ಆಯಿಯ ತೀರ್ಮಾನ.

ನೀನು ಓದಲಿಕ್ಕೆ ಇಂಗ್ಲೆಂಡಿನ ಲೀಡ್ಸಿಗೆ ಹೋಗಿ ಎರಡು ವಾರ ಆಯ್ತು ಅಂದೆ. ಚಳಿ ತಡೆದೀತಾ, ಡಾಕ್ಟರಿಗೆ ಎಷ್ಟು ಖರ್ಚು, ಕುಮಟೆಯಿಂದ ತಂದ ಇನ್‌ಹೇಲರ್ ಪಂಪು ಮುಗಿದರೆ ಏನು ಮಾಡೋದು ಅಂತ ಕೇಳಿದೆ. ಕಡೆಗೆ ಒಂದು ಸಾಲು: “ವಾರಕ್ಕೆ ಮೂರು ರಾತ್ರಿ ಎದ್ದು ಪಂಪು ಹೊಡೀಬೇಕಾಗ್ತದೆ, ಅದು ಬಿಟ್ಟರೆ ಅಸ್ತಮಾ ಅಡ್ಡಿಲ್ಲೆ.” ಬೇರೆಲ್ಲ ಪ್ರಶ್ನೆಗಿಂತ ಆ ಸಾಲು ನನಗೆ ಹೆದರಿಕೆ ಹುಟ್ಟಿಸಿತು. ನಾನೂ ಅದನ್ನೇ ಎರಡು ವರ್ಷ ಹೇಳಿಕೊಂಡು ತಿರುಗಿದವಳು.

ಖರ್ಚಿನದು ಮೊದಲು ಮುಗಿಸ್ತೇನೆ. ವೀಸಾ ಜೊತೆ ವರ್ಷಕ್ಕೆ 776 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದೀಯಲ್ಲ, ಅದರಲ್ಲಿ ಡಾಕ್ಟರನ್ನು ಕಾಣುವುದು ಬಂತು. ಆದರೆ ಮೊದಲು ಮನೆ ಹತ್ತಿರದ ಜಿಪಿ, ಅಂದರೆ ಸಾಮಾನ್ಯ ಡಾಕ್ಟರ, ಕ್ಲಿನಿಕ್ಕಿನಲ್ಲಿ ಹೆಸರು ಬರೆಸಬೇಕು. ವಿಳಾಸದ ದಾಖಲೆ ಇಲ್ಲ ಅಂತ ಮುಂದೆ ಹಾಕಬೇಡ, ಅದು ಕಡ್ಡಾಯ ಅಲ್ಲ. ಇಂಗ್ಲೆಂಡಿನಲ್ಲಿ ಔಷಧಿಗೆ ಮಾತ್ರ ಬೇರೆ ದುಡ್ಡು, ಚೀಟಿಯಲ್ಲಿರುವ ಒಂದೊಂದಕ್ಕೆ 9.90 ಪೌಂಡ್. ಸಕ್ಕರೆ ಕಾಯಿಲೆಯ ಔಷಧಿ ತಗೊಳ್ಳುವವರಿಗೆ ಮಾಫಿ, ಅಸ್ತಮಾದವರಿಗೆ ಇಲ್ಲ. ಇದು ಯಾವ ನ್ಯಾಯ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ವರ್ಷಕ್ಕೆ ಹನ್ನೆರಡೋ ಅದಕ್ಕಿಂತ ಹೆಚ್ಚೋ ಔಷಧಿ ಬೇಕಾಗುವವರು ದುಡ್ಡು ಮೊದಲೇ ಕಟ್ಟಿ ಮುಂಗಡ ಪ್ರಮಾಣಪತ್ರ ಮಾಡಿಸಿಕೊಂಡರೆ ಅಗ್ಗ ಬೀಳ್ತದೆ. ಫಾರ್ಮಸಿಯಲ್ಲಿ ಕೇಳು.

ಈಗ ನನ್ನ ಕತೆ. ನಾನು ಇಂಗ್ಲೆಂಡಿಗೆ ಹೋದದ್ದು 2008ರ ಚಳಿಗಾಲದಲ್ಲಿ. ಡಾಕ್ಟರು ನಗುತ್ತ ಹೇಗಿದ್ದೀರಿ ಅಂದರು, ನಾನೂ ನಗುತ್ತ ಚೆನ್ನಾಗಿದ್ದೇನೆ ಅಂದೆ. ನಮ್ಮಲ್ಲಿ ಜ್ವರ ಬಂದು ಮಲಗಿದವರೂ ಯಾರಾದರೂ ಕೇಳಿದರೆ ‘ಅಡ್ಡಿಲ್ಲೆ’ ಅನ್ನುವುದು ತಾನೇ? ಅವರು ಅದನ್ನು ನಂಬಿ, ಅಸ್ತಮಾ ಹತೋಟಿಯಲ್ಲಿದೆ ಅಂತ ಕಂಪ್ಯೂಟರಿನಲ್ಲಿ ಬರೆದರು. ಎರಡು ವರ್ಷ ಹಾಗೇ ನಡೆಯಿತು. ಒಂದು ದಿನ ಫಾರ್ಮಸಿಯ ಹುಡುಗಿ ನೀಲಿ ಇನ್‌ಹೇಲರ್ ಕೊಡುತ್ತ, “ಈ ವರ್ಷ ಇದು ಒಂಬತ್ತನೇದು” ಅಂದಳು. ನಾನು ಲೆಕ್ಕವೇ ಇಟ್ಟಿರಲಿಲ್ಲ.

ನೀಲಿ ಇನ್‌ಹೇಲರ್ ಅಂದರೆ ಸಾಲ್ಬುಟಮಾಲ್, ಊರಲ್ಲಿ ನೀನು ತಗೊಳ್ಳುತ್ತಿದ್ದ ಆಸ್ತಾಲಿನ್. ಅದು ಬಿಗಿದ ಶ್ವಾಸನಾಳವನ್ನು ನಾಲ್ಕಾರು ತಾಸು ಸಡಿಲ ಮಾಡ್ತದೆ, ಅಷ್ಟೇ. ಒಳಗಿನ ಊತ ಹಾಗೇ ಉಳೀತದೆ. ಊತ ಇಳಿಸುವುದು ಸ್ಟೀರಾಯ್ಡ್ ಇನ್‌ಹೇಲರ್, ಅದನ್ನು ದಿನಾ ತಗೊಳ್ಳಬೇಕು. ತಗೊಂಡ ಕೂಡಲೇ ಏನೂ ಗೊತ್ತಾಗುವುದಿಲ್ಲ, ಅದಕ್ಕೇ ನಾವೆಲ್ಲ ಬಿಟ್ಟುಬಿಡುವುದು. ಒಂದು ನೀಲಿ ಡಬ್ಬಿಯಲ್ಲಿ 200 ಪಫ್ ಇರ್ತದೆ. ವರ್ಷಕ್ಕೆ ಮೂರು ಡಬ್ಬಿ ಖಾಲಿಯಾದರೇ ಎಚ್ಚರಿಕೆಯ ಗಂಟೆ. ಬ್ರಿಟನ್ನಿನಲ್ಲಿ ಅಸ್ತಮಾದಿಂದ ಸತ್ತವರ ಕಡತಗಳನ್ನು ತೆಗೆದು ನೋಡಿದ ವರದಿ 2014ರಲ್ಲಿ ಬಂತು. ನೀಲಿ ಇನ್‌ಹೇಲರಿನ ಲೆಕ್ಕ ಸಿಕ್ಕಿದ 165 ಜನರಲ್ಲಿ 65 ಜನರಿಗೆ ಸಾಯುವ ಹಿಂದಿನ ವರ್ಷದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಡಬ್ಬಿ ಬರೆದುಕೊಟ್ಟಿದ್ದರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ, ಆವತ್ತು ದಮ್ಮೂ ಇರಲಿಲ್ಲ.

ಹಾಗಾಗಿ ಡಾಕ್ಟರ ಹತ್ತಿರ ಹೋಗುವ ಮೊದಲು ಎರಡು ವಾರ ಬರೆದಿಡು: ಎಷ್ಟು ರಾತ್ರಿ ಎಚ್ಚರ ಆಯ್ತು, ದಿನಕ್ಕೆ ಎಷ್ಟು ಪಫ್, ಯಾವ ಕ್ಲಾಸ್ ತಪ್ಪಿತು, ಮೆಟ್ಟಿಲು ಹತ್ತುವಾಗ ಎಲ್ಲಿ ನಿಂತೆ. ಕಳೆದ ವರ್ಷ ಊರಲ್ಲಿ ಎಷ್ಟು ಸಲ ವೈಸೊಲೋನ್ (ಸ್ಟೀರಾಯ್ಡ್ ಮಾತ್ರೆ) ಕೋರ್ಸ್ ಆಯ್ತು, ಎಷ್ಟು ಸಲ ನೆಬ್ಯುಲೈಸರ್ ಇಟ್ಟರು ಅನ್ನುವುದನ್ನು ನಿನ್ನ ಆಯಿಗೆ ಫೋನ್ ಮಾಡಿಯಾದರೂ ಕೇಳಿ ಬರೆ. ದಮ್ಮಿಗೆ ಡೆರಿಫಿಲಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ, ಯಾರೋ ಕೊಟ್ಟ ಪುಡಿ ಇದ್ದರೆ ಅದನ್ನೂ ಹೇಳು. ದಿನದ ಇನ್‌ಹೇಲರನ್ನು ವಾರಕ್ಕೆ ಎರಡೇ ಸಲ ತಗೊಳ್ಳುವುದಾದರೆ ಹಾಗೇ ಹೇಳು. ದಿನಾ ತಗೋತೇನೆ ಅಂತ ಸುಳ್ಳು ಹೇಳಿದರೆ, ಈ ಔಷಧಿ ಸಾಲುವುದಿಲ್ಲ ಅಂದುಕೊಂಡು ಅವರು ಡೋಸ್ ಏರಿಸ್ತಾರೆ. ಅಲ್ಲಿ ಯಾರೂ ಬೈಯುವುದಿಲ್ಲ. ನಮ್ಮೂರ ಡಾಕ್ಟರ ಬೈಗುಳ ತಿಂದು ಬೆಳೆದವರಿಗೆ ಇದು ನಂಬಲಿಕ್ಕೇ ಕಷ್ಟ.

ಬೆಳಿಗ್ಗೆ 8ಕ್ಕೆ ಸರಿಯಾಗಿ ಫೋನ್ ಹಚ್ಚು, ಐದು ನಿಮಿಷ ತಡವಾದರೂ ಸರದಿ ಉದ್ದ ಆಗ್ತದೆ. ಡಾಕ್ಟರು ಸಿಗುವುದು ಹತ್ತು ನಿಮಿಷ. ಹವೆ, ಪ್ರಯಾಣ ಅಂತ ಪೀಠಿಕೆ ಹಾಕುತ್ತ ಕೂರಬೇಡ, ಮೊದಲ ವಾಕ್ಯದಲ್ಲೇ “ವಾರಕ್ಕೆ ಮೂರು ರಾತ್ರಿ ದಮ್ಮಿನಿಂದ ಎಚ್ಚರ ಆಗ್ತದೆ” ಅನ್ನು. ಆಮೇಲೆ ಅಸ್ತಮಾ ನರ್ಸ್ ಹತ್ತಿರ ಬೇರೆ ಸಮಯ ಕೇಳಿ ತಗೋ. ಅವರಿಗೆ ಪುರುಸೊತ್ತು ಜಾಸ್ತಿ, ನನ್ನ ಬಂಡಿ ಹಳಿಗೆ ಬಂದದ್ದು ಅಂಥ ಒಬ್ಬರಿಂದಲೇ. ಐದು ಪ್ರಶ್ನೆಯ ಒಂದು ಕಾಗದ ಕೊಟ್ಟು ಅಂಕ ಹಾಕಿಸ್ತಾರೆ, ಪೂರ್ತಿ ಅಂಕ 25. 19 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹತೋಟಿ ತಪ್ಪಿದೆ ಅಂತ ಅರ್ಥ. ಅಡ್ಡಿಲ್ಲೆ ಅನ್ನುತ್ತಿದ್ದ ನನಗೆ ಬಂದದ್ದು 12.

ಮಾತಿನ ಬಗ್ಗೆಯೂ ಒಂದು ಹೇಳಬೇಕು. ‘ಎದೆ ಹಿಡ್ಕಂಡಿದ್ದು’ ಅನ್ನುವುದನ್ನು ನಾನೊಮ್ಮೆ ‘ಚೆಸ್ಟ್ ಪೇನ್’ ಅಂದುಬಿಟ್ಟೆ. ಸರಿ, ಮಲಗಿಸಿ ಇಸಿಜಿ ತೆಗೆದು, ಮೂರು ತಾಸು ಹೃದಯದ ತನಿಖೆ ಮಾಡಿದರು. ಶ್ವಾಸನಾಳ ಪಾಪ ಬದಿಗೆ ಕುಳಿತು ಸುಂಯ್ ಅನ್ನುತ್ತಲೇ ಇತ್ತು. ‘ಟೈಟ್’ ಅನ್ನು, ಸುಂಯ್ ಅನ್ನುವುದಕ್ಕೆ ‘ವೀಝ್’ ಅನ್ನು. ನಿಜವಾಗಿ ನೋವೇ ಇದ್ದರೆ ನೋವು ಅಂತಲೇ ಹೇಳು, ಅದನ್ನು ಮುಚ್ಚಬೇಡ.

ಇನ್‌ಹೇಲರ್ ಎಳೆಯುವ ರೀತಿಯನ್ನು ಅವರ ಎದುರಿಗೇ ಮಾಡಿ ತೋರಿಸು. ಊರಲ್ಲಿ ನೀನು ಕ್ಯಾಪ್ಸೂಲ್ ಹಾಕುವ ರೋಟಾಹೇಲರನ್ನೂ ಬಳಸಿದ್ದೆ, ಅದನ್ನು ಜೋರಾಗಿ ಎಳೆಯಬೇಕು. ಒತ್ತಿದರೆ ಬರುವ ಪಂಪನ್ನು ಹಾಗೆ ಎಳೆದರೆ ಔಷಧಿ ಗಂಟಲಿಗೆ ಬಡಿದು ಅಲ್ಲೇ ಉಳೀತದೆ. ಅದನ್ನು ನಿಧಾನವಾಗಿ, ಆಳವಾಗಿ ಎಳೆದು, ಆದಷ್ಟು ಹೊತ್ತು, ಹತ್ತು ಸೆಕೆಂಡ್‌ವರೆಗೆ, ಉಸಿರು ಹಿಡಿಯಬೇಕು. ಸ್ಪೇಸರ್, ಅಂದರೆ ಪಂಪಿನ ಬಾಯಿಗೆ ಸಿಕ್ಕಿಸುವ ಕೊಳವೆ, ಕೇಳಿ ತಗೋ. ಸ್ಟೀರಾಯ್ಡ್ ತಗೊಂಡ ಮೇಲೆ ಬಾಯಿ ಮುಕ್ಕಳಿಸು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣು ಏಳಬಹುದು.

ಬರೀ ನೀಲಿ ಕೊಟ್ಟು ಕಳಿಸುವ ಕಾಲ ಈಗ ಹೋಯ್ತು. 2024ರ ನವೆಂಬರಿನಲ್ಲಿ ಬಂದ ಅಲ್ಲಿನ ಹೊಸ ಮಾರ್ಗಸೂಚಿಯ ಪ್ರಕಾರ, ಸ್ಟೀರಾಯ್ಡ್ ಇಲ್ಲದೆ ಸಾಲ್ಬುಟಮಾಲ್ ಒಂದನ್ನೇ ಕೊಡಬಾರದು. ಸ್ಟೀರಾಯ್ಡ್ ಮತ್ತು ಶ್ವಾಸನಾಳ ಸಡಿಲಿಸುವ ಫಾರ್ಮೊಟೆರಾಲ್ ಕೂಡಿದ ಒಂದೇ ಇನ್‌ಹೇಲರನ್ನು ದಿನಕ್ಕೂ, ದಮ್ಮು ಬಂದಾಗಲೂ ಬಳಸುವ ಪದ್ಧತಿ ಇದೆ, ‘ಮಾರ್ಟ್’ ಅಂತಾರೆ. ನಮ್ಮ ಊರಲ್ಲಿ ಸಿಗುವ ಫೋರಾಕಾರ್ಟಿನಲ್ಲಿ ಇರುವುದೂ ಇದೇ ಜೋಡಿ. ನನಗದು ಹೊಂದಿತು. ನಿನಗೆ ಹೊಂದುತ್ತದೋ ಇಲ್ಲವೋ ಅವರು ಹೇಳಬೇಕು, ಆದರೆ ಕೇಳುವುದು ನಿನ್ನ ಕೆಲಸ. ಇಷ್ಟೆಲ್ಲ ಸರಿಯಾಗಿ ಮಾಡಿಯೂ ಸ್ಟೀರಾಯ್ಡ್ ಮಾತ್ರೆ ಮತ್ತೆ ಮತ್ತೆ ಬೇಕಾಗುತ್ತಿದ್ದರೆ ತಜ್ಞರ ಹತ್ತಿರ ಕಳಿಸಿ ಅನ್ನು. ರಕ್ತದಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ಕಣ ಎಷ್ಟಿದೆ ನೋಡಿ, ತೀವ್ರ ಅಸ್ತಮಾದವರಿಗೆ ಮೆಪೊಲಿಜುಮ್ಯಾಬ್‌ನಂಥ ಚುಚ್ಚುಮದ್ದು ಕೊಡುವುದು ಅಲ್ಲಿ.

ಬಾಗಿಲು ದಾಟುವ ಮೊದಲು ಆ್ಯಕ್ಷನ್ ಪ್ಲಾನ್ ಬರೆಸಿಕೊಂಡು ಬಾ, ದಮ್ಮು ಏರಿದರೆ ಏನು ಮಾಡಬೇಕು ಅನ್ನುವ ಕಾಗದ ಅದು. ಅಲ್ಲಿವರೆಗೆ ಇಷ್ಟು ನೆನಪಿಡು: ನೆಟ್ಟಗೆ ಕೂತು ನೀಲಿ ಪಂಪು 30ರಿಂದ 60 ಸೆಕೆಂಡಿಗೆ ಒಂದು ಪಫ್, ಹೆಚ್ಚೆಂದರೆ ಹತ್ತು. ಇಳಿಯದಿದ್ದರೆ, ಅಥವಾ ನಡುವೆಯೇ ಏರಿದರೆ, ಆಂಬುಲೆನ್ಸಿಗೆ 999. ರೂಮಿನವರಿಗೆ ತೊಂದರೆ ಯಾಕೆ ಅಂತ ಬೆಳಗಾಗಲಿಕ್ಕೆ ಕಾಯಬೇಡ.

ಚಳಿಯ ವಿಷಯ ಮರೆತೆ. ಹೊರಗಿನ ಗಾಳಿಗೆ ಮೂಗು-ಬಾಯಿ ಮುಚ್ಚುವ ಶಾಲು ಸಾಕು. ನನಗೆ ಹೆಚ್ಚು ಕಾಟ ಕೊಟ್ಟದ್ದು ರೂಮಿನ ಒಳಗಿನ ಬೂಷ್ಟು. ಹೀಟರ್ ಮೇಲೆ ಒದ್ದೆ ಬಟ್ಟೆ ಹರವಿ ಕಿಟಕಿ ಮುಚ್ಚಿದರೆ ಲೀಡ್ಸೂ ಶಿರಸಿಯ ಆಷಾಢವೇ. ಗೋಡೆ ಕಪ್ಪಾಗಿದ್ದರೆ ಫೋಟೊ ತೆಗೆದು ಮನೆ ಮಾಲೀಕರಿಗೆ ಬರವಣಿಗೆಯಲ್ಲೇ ತಿಳಿಸು.

ನಾನು ಮುಂದಿನ ಶನಿವಾರ ವಾಪಸ್ ಬರ್ತೇನೆ. ನಿನ್ನ ಆಯಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುವುದಾದರೆ ಶುಕ್ರವಾರದ ಒಳಗೆ ಶಿರಸಿಗೆ ಮುಟ್ಟಿಸಲಿಕ್ಕೆ ಹೇಳು, ಡಬ್ಬಿಯ ಬಾಯಿ ಭದ್ರ ಕಟ್ಟಿರಲಿ. ಕೊಡಲಿಕ್ಕೆ ನಿನ್ನ ರೂಮಿಗೇ ಬರ್ತೇನೆ, ಆಗ ಬರೆದಿಟ್ಟ ಪುಸ್ತಕ ತೋರಿಸು.

ಅಕ್ಕ