ಓದುಗರ ಪ್ರಶ್ನೆ: ಗೋಪಾಲಗೌಡರು ಯಾವ ಕಾನೂನು ಮಾಡಿದರು?

ಪ್ರಶ್ನೆ: ಮಗಳಿಗೆ ಶಾಲೆಯಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದಾರೆ. ಮೂರು ಸಲ ಶಾಸಕರಾದರೂ ಮಂತ್ರಿಯಾಗಲಿಲ್ಲ. ಇಂಥ ಕಾನೂನು ತಂದರು ಎಂದು ಬರೆಯಲೂ ಏನೂ ಸಿಗುತ್ತಿಲ್ಲ. ಹಾಗಾದರೆ ಅವರ ಸಾಧನೆ ಎಂದು ಏನನ್ನು ಬರೆಸಲಿ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ತಾಯಿ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನಾನೇ ಇನ್ನೊಂದು ಸೇರಿಸುತ್ತೇನೆ. ಗೋಪಾಲಗೌಡರು ಯಾವುದಕ್ಕಾಗಿ ಜೀವ ತೇಯ್ದರೋ ಆ ಭೂಸುಧಾರಣೆಯ ಎರಡು ಮುಖ್ಯ ಮಸೂದೆಗಳು ಸದನಕ್ಕೆ ಬಂದವು, ಎರಡು ಸಲವೂ ಅವರು ಅಲ್ಲಿರಲಿಲ್ಲ. 1961ರ ಕಾಯ್ದೆಯ ಹೊತ್ತಿಗೆ ಅವರು ಹೊರಗಿದ್ದರು, 1957ರಲ್ಲಿ ಜನ ಅವರನ್ನು ಸೋಲಿಸಿದ್ದರು. ಉಳುವ ಗೇಣಿದಾರನಿಗೇ ಜಮೀನು ಕೊಡಿಸಿದ ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೌಡರು 1972ರ ಜೂನ್‌ನಲ್ಲೇ ತೀರಿಕೊಂಡಿದ್ದರು, ಇನ್ನೂ 49 ವರ್ಷ.

ಆದರೂ ಆ ಕಾನೂನಿನ ಬೇರು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಸಾಗರ ತಾಲ್ಲೂಕಿನ ಕಾಗೋಡನ್ನು. ಅಲ್ಲಿ ಗೇಣಿಯ, ಅಂದರೆ ಜಮೀನಿನ ಒಡೆಯರಿಗೆ ಕೊಡಬೇಕಾದ ಪಾಲಿನ ಭತ್ತ ಅಳೆಯುವ ಕೊಳಗದ ಮೇಲೆಯೇ ಜಗಳ ಶುರುವಾದದ್ದು. ಒಡೆಯರ ಕೊಳಗ ರೂಢಿಯ ಅಳತೆಗಿಂತ ದೊಡ್ಡದು. ಆ ಕೊಳಗದಲ್ಲಿ ಅಳೆಯುವುದಿಲ್ಲ ಎಂದ ದೀವರ ಸಮುದಾಯದ ಒಕ್ಕಲುಗಳ ಕೈಯಿಂದ ಗದ್ದೆಯೇ ಹೋಯಿತು. 1951ರ ಏಪ್ರಿಲ್ 18ರಂದು ಅವರು ನೇಗಿಲು ಹೊತ್ತು ಅದೇ ಗದ್ದೆಗೆ ಇಳಿದರು. ಒಂದು ತಂಡವನ್ನು ಪೊಲೀಸರು ಹಿಡಿದರೆ ಇನ್ನೊಂದು ತಂಡ ಬರುತ್ತಿತ್ತು. ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತಿತು. ಊರೂರು ಅಲೆದು ಜನರನ್ನು ಒಗ್ಗೂಡಿಸಿದವರಲ್ಲಿ ಆರಗದ ಯುವಕ ಗೋಪಾಲಗೌಡರು ಮುಂದಿದ್ದರು. ಜೂನ್‌ನಲ್ಲಿ ಸಮಾಜವಾದಿಗಳ ರಾಷ್ಟ್ರ ನಾಯಕ ರಾಮಮನೋಹರ ಲೋಹಿಯಾ ಬಂದು ತಾವೂ ಬಂಧನಕ್ಕೆ ಒಳಗಾದ ಮೇಲೆ ಕಾಗೋಡಿನ ಸುದ್ದಿ ದೇಶಕ್ಕೆಲ್ಲ ಮುಟ್ಟಿತು. ಮರುವರ್ಷದ ಚುನಾವಣೆಯಲ್ಲಿ ಸಾಗರ–ಹೊಸನಗರದ ಜನ ಗೌಡರನ್ನು ವಿಧಾನಸಭೆಗೆ ಕಳಿಸಿದಾಗ ಅವರಿಗೆ 29 ತುಂಬಿರಲಿಲ್ಲ.

ವಿರೋಧ ಪಕ್ಷದ ಶಾಸಕ ಕಾನೂನು ಮಾಡುವುದು ಅಪರೂಪ. ಪ್ರಶ್ನೋತ್ತರದ ವೇಳೆಯಲ್ಲಿ, ಬಜೆಟ್ ಚರ್ಚೆಯಲ್ಲಿ, ರಾಜ್ಯಪಾಲರ ಭಾಷಣದ ಮೇಲಿನ ವಂದನಾ ನಿರ್ಣಯದ ಹೊತ್ತಿನಲ್ಲಿ ಆಳುವವರಿಗೆ ಮರೆಯಲು ಬಿಡದಂತೆ ಮಾಡುವುದೇ ಅವನ ಕೆಲಸ. ‘ಉಳುವವನೇ ಹೊಲದೊಡೆಯ’ ಎಂಬುದನ್ನು ಗೌಡರು ಹಾಗೆ ಮರೆಯಗೊಡಲಿಲ್ಲ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬೇಕೆಂದದ್ದೂ ಹಾಗೆಯೇ. ಅದೂ 1973ರಲ್ಲಿ, ಅವರು ಹೋದ ಮರುವರ್ಷ ಕೈಗೂಡಿತು.

ಭೂಸುಧಾರಣೆಯ ಆ ತಿದ್ದುಪಡಿ ಬಂದಾಗ ನಾನು ಮಲೆನಾಡಿನ ಒಂದು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಜನ ‘ಡಿಕ್ಲರೇಷನ್ ಹಾಕುವುದು’ ಎನ್ನುತ್ತಿದ್ದ ಏಳನೇ ನಮೂನೆಯ ಅರ್ಜಿಗಳು, ಅಂದರೆ ಉಳುವ ಜಮೀನಿನ ಹಕ್ಕು ಕೇಳುವ ಅರ್ಜಿಗಳು, ನನ್ನ ಮೇಜಿನ ಮೇಲೆ ಬೀಳುತ್ತಿದ್ದವು. ಸರ್ವೆ ನಂಬರು, ವಿಸ್ತೀರ್ಣ, ಒಡೆಯರ ಹೆಸರು, ಎಂದಿನಿಂದ ಸಾಗುವಳಿ, ಇಷ್ಟನ್ನು ತುಂಬಿಸುವುದರಲ್ಲಿ ಬೆಳಗು ಕಳೆದು ಹೋಗುತ್ತಿತ್ತು. ಎಷ್ಟೋ ಜನರ ಬಳಿ ಗೇಣಿಯ ರಸೀತಿ ಇರಲಿಲ್ಲ. ಪಹಣಿಯ ಸಾಗುವಳಿದಾರರ ಕಲಂನಲ್ಲಿ ನೋಡಿದರೆ ಅಲ್ಲಿಯೂ ಒಡೆಯರ ಹೆಸರೇ. ಒಬ್ಬ ಮುದುಕ ಸೊಂಟದ ಬಟ್ಟೆಯ ಗಂಟಿನಿಂದ ಎಣ್ಣೆ ಹಿಡಿದು ಕಂದಿದ ಒಂದೇ ಒಂದು ಚೀಟಿ ತೆಗೆದು ಕೊಟ್ಟ. ಅದರ ಮೇಲೆ ಇಷ್ಟು ಕೊಳಗ ಭತ್ತ ಸಂದಿದೆ ಎಂಬ ಬರಹವಿತ್ತು. ಒಡೆಯರ ಸಹಿ ಅರ್ಧ ಮಾತ್ರ ಉಳಿದಿತ್ತು. ಈ ಅರ್ಜಿಗಳನ್ನು ತೀರ್ಮಾನಿಸುವ ಭೂನ್ಯಾಯ ಮಂಡಳಿಯ ಮುಂದೆ ಆಗ ವಕೀಲರಿಗೆ ಪ್ರವೇಶವಿರಲಿಲ್ಲ, ತನ್ನ ಮಾತನ್ನು ಅವನೇ ಹೇಳಬೇಕಿತ್ತು. ಅಕ್ಕಪಕ್ಕದ ಗದ್ದೆಯವರು ಬಂದು ಸಾಕ್ಷಿ ನುಡಿದರು. ಗದ್ದೆ ಅವನದಾಯಿತು. ನಿಮ್ಮ ಮಗಳಿಗೆ ಆ ಚೀಟಿಯ ವಿಷಯ ಹೇಳಿ. ಗೋಪಾಲಗೌಡರ ಸಾಧನೆಯ ಪಟ್ಟಿಯಲ್ಲಿ ಅಂಥ ಮನುಷ್ಯರನ್ನೂ ಬರೆಯಲಿ.

ಪ್ರಶ್ನೆ: ಅವರು ಜನರಿಂದಲೇ ಹಣ ಪಡೆದು ಚುನಾವಣೆಗೆ ನಿಂತರಂತೆ, ನಿಜವೇ?
— ಓದುಗರು, ಶಿಕಾರಿಪುರ

ಉತ್ತರ: ನಿಜ. ‘ಒಂದು ಓಟು, ಒಂದು ನೋಟು’ ಎಂದು ಕೇಳುತ್ತಾ ಹೋದರು. ನೋಟು ಎಂದರೆ ಒಂದು ರೂಪಾಯಿ. ಗೇಣಿ ಅಳೆದು ಮಿಕ್ಕಿದ್ದರಲ್ಲಿ ವರ್ಷ ನೂಕುವ ಮನೆಗೆ ಆ ರೂಪಾಯಿ ಸಣ್ಣದೇನೂ ಅಲ್ಲ. ಹಾಗೆ ಕೊಟ್ಟವನು ಐದು ವರ್ಷ ಶಾಸಕನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಬಲ್ಲ. ಇಂದು ನೋಟು ಹರಿಯುವ ದಿಕ್ಕೇ ತಿರುಗಿದೆ, ಅಭ್ಯರ್ಥಿಯ ಕಡೆಯಿಂದ ಮತದಾರನ ಕಡೆಗೆ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ತೆಗೆದುಕೊಂಡವನು ಯಾವ ಬಾಯಲ್ಲಿ ಕೇಳಿಯಾನು?

ಪ್ರಶ್ನೆ: ಕಾಗೋಡು ಸತ್ಯಾಗ್ರಹದ ನಾಯಕರು ಕಾಗೋಡು ತಿಮ್ಮಪ್ಪನವರೇ?
— ವಿದ್ಯಾರ್ಥಿ, ಸೊರಬ

ಉತ್ತರ: ಅಲ್ಲ. ರೈತರನ್ನು ಸಂಘ ಕಟ್ಟಿ ನಡೆಸಿದವರು ಎಚ್. ಗಣಪತಿಯಪ್ಪನವರು. ತಿಮ್ಮಪ್ಪನವರು ಅದೇ ಊರಿನವರು, ಆಗಿನ್ನೂ ಎಳೆಯ ವಯಸ್ಸು. ಮುಂದೆ ಸಮಾಜವಾದಿಗಳ ನಡುವೆ ಬೆಳೆದು, ವಿಧಾನಸಭೆಯ ಅಧ್ಯಕ್ಷರಾಗಿ, 2016ರಲ್ಲಿ ಕಂದಾಯ ಸಚಿವರಾದರು. ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್ ಕೂಡ ಗೋಪಾಲಗೌಡರ ಗರಡಿಯವರೇ, ಇಬ್ಬರೂ ಮುಖ್ಯಮಂತ್ರಿಯಾದರು. ಗಣಪತಿಯಪ್ಪನವರ ಹೆಸರು ಮಾತ್ರ ಶಿವಮೊಗ್ಗ ಜಿಲ್ಲೆಯ ಆಚೆ ಕೇಳಿದವರು ಕಡಿಮೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಮೊದಲ ಸಾಲಿನಲ್ಲೇ ಆ ಹೆಸರು ಬರೆ.