ಕಾರಿಗೂ ತುಟಿಗೂ ಒಂದೇ ಮೇಣವೇ?

ಪ್ರಶ್ನೆ: ಪ್ರಾಣಿಜನ್ಯ ವಸ್ತು ಬೇಡವೆಂದು ಲಿಪ್ ಬಾಮ್‌ಗೆ ಜೇನುಮೇಣದ ಬದಲು ಅಷ್ಟೇ ತೂಕದ ಕಾರ್ನೌಬಾ ಮೇಣ ಹಾಕಿದೆ. ಕಲ್ಲಿನಂತೆ ಗಟ್ಟಿಯಾಗಿದೆ, ಹಚ್ಚಿದರೆ ತರಿತರಿ. ಇದೇ ಮೇಣ ಕಾರ್ ಪಾಲಿಶ್‌ನಲ್ಲೂ ಇದೆಯಂತೆ. ತುಟಿಗೆ ಹಚ್ಚಬಹುದೇ?

ಉತ್ತರ: ಹಚ್ಚಬಹುದು. ಮೇಣ ಒಂದೇ, ಪಾಲಿಶ್‌ನಲ್ಲಿ ತುಟಿಗೆ ಆಗದಿರುವುದು ಅದರ ಜೊತೆ ಬೆರೆಸಿದ ದ್ರಾವಕಗಳು. ಶುದ್ಧ ಕಾರ್ನೌಬಾ ಇ903 ಎಂಬ ಸಂಖ್ಯೆಯಲ್ಲಿ ಆಹಾರಕ್ಕೂ ಬಳಕೆಯಲ್ಲಿದೆ. ಮಿಠಾಯಿಯ ಹೊಳಪಿಗೆ, ಮಾತ್ರೆಯ ನುಣುಪಿಗೆ ಇದನ್ನೇ ಲೇಪಿಸುತ್ತಾರೆ. ನೀವು ಕೊಂಡದ್ದು ಸೌಂದರ್ಯವರ್ಧಕ ದರ್ಜೆಯದೇ ಎಂದು ಮಾತ್ರ ನೋಡಿಕೊಳ್ಳಿ.

ಎಡವಟ್ಟಾಗಿರುವುದು ಅಳತೆಯಲ್ಲಿ: ಕಾರ್ನೌಬಾ ಜೇನುಮೇಣಕ್ಕಿಂತ ಬಹಳ ಗಟ್ಟಿ. ಈಶಾನ್ಯ ಬ್ರೆಜಿಲ್‌ನ ಸಿಯಾರಾ, ಪಿಯಾವಿ ಸೀಮೆಯ ಒಂದು ತಾಳೆ ಮರ, ಒಣ ಹವೆಯಲ್ಲಿ ನೀರು ಆರಿಹೋಗದಂತೆ ಎಲೆಗಳ ಮೇಲೆ ಈ ಮೇಣ ಸುರಿಸಿಕೊಳ್ಳುತ್ತದೆ. ಎಲೆಗಳನ್ನು ಕೊಯ್ದು ಬಿಸಿಲಿಗೆ ಒಣಗಿಸಿ ಬಡಿದರೆ ಅದು ಪುಡಿಯಾಗಿ ಉದುರುತ್ತದೆ. ಅದನ್ನು ಕರಗಿಸಿ ಸೋಸುತ್ತಾರೆ. ಇನ್ನೂ ಬಿಚ್ಚಿಕೊಳ್ಳದ ಎಳೆಯ ಎಲೆಯದು ತಿಳಿ ಹಳದಿ, ಬಲಿತ ಎಲೆಯದು ಕಂದು. ಲಿಪ್‌ಸ್ಟಿಕ್‌ಗೆ ತಿಳಿ ಬಣ್ಣದ್ದೇ ಬೇಕು. ಬಿಸಿಲ ಸೀಮೆಯ ಮೇಣವಲ್ಲವೇ, ಅಷ್ಟು ಸುಲಭಕ್ಕೆ ಕರಗುವುದಿಲ್ಲ: ಜೇನುಮೇಣಕ್ಕೆ ಸುಮಾರು 62–65 ಡಿಗ್ರಿ ಸೆಲ್ಸಿಯಸ್ ಸಾಕು, ಇದಕ್ಕೆ 82–86 ಬೇಕು. ಲಿಪ್‌ಸ್ಟಿಕ್ ತಯಾರಕರೂ ಕಡ್ಡಿ ಸೆಕೆಗೆ ಬಾಗದಿರಲೆಂದು ಇದನ್ನು ಕೊಂಚವೇ ಹಾಕುತ್ತಾರೆ.

ತರಿಗೂ ಇದೇ ಕಾರಣವಿರಬೇಕು. ಕರಗಿದ ಮೇಣಕ್ಕೆ ತಣ್ಣನೆಯ ಎಣ್ಣೆ ಸುರಿದರೆ ಅದು ಆ ಕ್ಷಣವೇ ಕಾಳುಗಟ್ಟುತ್ತದೆ. ಎಣ್ಣೆ, ಮೇಣ ಎರಡನ್ನೂ ಒಟ್ಟಿಗೇ ಕುದಿನೀರಿನ ಪಾತ್ರೆಯ ಮೇಲಿಟ್ಟು, ತಳದಲ್ಲಿ ಒಂದು ಚೂರೂ ಕಾಣದಷ್ಟು ತಿಳಿಯಾಗುವವರೆಗೆ ಕಾಯಿಸಿ. ಒಳಗೆ ನೀರು ಬೀಳಬಾರದು.

ಮಾಡಿದ್ದನ್ನು ಎಸೆಯಬೇಡಿ. ಮತ್ತೆ ಕರಗಿಸಿ, ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ, ಪ್ರತಿ ಸಲ ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬೆರಳಿನಿಂದ ಸವರಿ ನೋಡಿ. ಉಗುರಿಗೆ ಪುಡಿಯಾದರೆ ಇನ್ನೂ ಎಣ್ಣೆ ಬೇಕು; ಬೆರಳ ಬಿಸಿಗೆ ಜಾರಿದರೆ ಹದ ಬಂದಿದೆ. ಮುಂದಿನ ಬಾರಿ ಜೇನುಮೇಣದ ಅರ್ಧಕ್ಕಿಂತ ಕಡಿಮೆಯಿಂದ ಶುರುಮಾಡಿ.

ನನ್ನನ್ನು ಕೇಳಿದರೆ, ಬಾಮ್‌ಗೆ ಕಾರ್ನೌಬಾಕ್ಕಿಂತ ಕ್ಯಾಂಡೆಲಿಲ್ಲಾ ಲೇಸು. ಉತ್ತರ ಮೆಕ್ಸಿಕೋದ ಮರುಭೂಮಿ ಗಿಡದ ಈ ಮೇಣ ಸುಮಾರು 70 ಡಿಗ್ರಿಗೇ ಕರಗುತ್ತದೆ, ತುಟಿಯ ಮೇಲೂ ಸಲೀಸಾಗಿ ಹರಡುತ್ತದೆ. ಇದನ್ನೂ ಜೇನುಮೇಣದ ಅರ್ಧದಷ್ಟೇ ಹಾಕಿ.