ಅತ್ತರೆ ಗಡ್ಡೆ ಬೆಳೆಯುವುದಿಲ್ಲ

ಪ್ರಶ್ನೆ: ನನಗೆ 46 ವರ್ಷ, ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮೂರು ವಾರದ ಹಿಂದೆ ಬಯಾಪ್ಸಿ ರಿಪೋರ್ಟ್ ಬಂತು. ಸ್ತನ ಕ್ಯಾನ್ಸರ್, ಎರಡನೇ ಹಂತವಂತೆ. ಮುಂದಿನ ವಾರ ಕಿಮೋ ಶುರು. ಮನೆಗೆ ಬಂದವರೆಲ್ಲ "ಧೈರ್ಯ ತಗೋ, ಮನಸ್ಸು ಗಟ್ಟಿಯಿದ್ರೆ ಕಾಯಿಲೆ ತಾನಾಗೇ ಓಡುತ್ತೆ" ಅನ್ನುತ್ತಾರೆ. ಹಗಲೆಲ್ಲ ನಗುತ್ತಾ ಓಡಾಡುತ್ತೇನೆ, ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ಹೀಗೆ ಅತ್ತರೆ ಕಾಯಿಲೆ ಜಾಸ್ತಿಯಾಗುತ್ತಾ? ನಾನು ಯಾರಿಗೆ ಏನು ಅನ್ಯಾಯ ಮಾಡಿದ್ದೆ ಅಂತ ಇದು ಬಂತು? ಮಗಳು ಎರಡನೇ ಪಿಯುಸಿ. ಅವಳಿಗೆ "ಸಣ್ಣ ಗಡ್ಡೆ, ಔಷಧಿ ಕೊಡ್ತಾರೆ" ಎಂದಷ್ಟೇ ಹೇಳಿದ್ದೇವೆ.
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಇಲ್ಲ. ಅತ್ತರೆ ಕ್ಯಾನ್ಸರ್ ಜಾಸ್ತಿಯಾಗುವುದಿಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ನಲ್ಲಿಯ ಸದ್ದು. ಕಾಯಿಲೆ ನಿಮಗೆ ಬಂದಿದೆ, ಆದರೆ ಮನೆಯವರಿಗೆಲ್ಲ ಧೈರ್ಯ ತುಂಬುವ ಕೆಲಸವೂ ನಿಮ್ಮ ಮೇಲೇ ಬಿದ್ದಿದೆ. ಅದನ್ನು ಇಳಿಸಿ.

ಕ್ಯಾನ್ಸರ್ ರೋಗಿಗಳ ಮನಸ್ಸಿನ ಆರೈಕೆಗೇ ಒಂದು ವೈದ್ಯಶಾಖೆ ಬೆಳೆಯಲು ಕಾರಣರಾದವರು ನ್ಯೂಯಾರ್ಕಿನ ಮನೋವೈದ್ಯೆ ಜಿಮ್ಮಿ ಹಾಲೆಂಡ್. ರೋಗಿ ಸದಾ ಧೈರ್ಯವಾಗಿ, ನಗುನಗುತ್ತಾ ಇರಲೇಬೇಕು ಎಂಬ ಒತ್ತಾಯವನ್ನು ಅವರು ದಬ್ಬಾಳಿಕೆ ಎಂದೇ ಕರೆದರು. ಏಕೆಂದರೆ ನಾಳೆ ರಕ್ತಕಣಗಳ ಎಣಿಕೆ ಇಳಿದರೆ, ಒಂದು ಡೋಸ್ ಮುಂದಕ್ಕೆ ಹೋದರೆ, "ನಾನೇ ಧೈರ್ಯಗೆಟ್ಟೆ, ಅದಕ್ಕೇ ಹೀಗಾಯ್ತು" ಎಂದು ರೋಗಿ ತನ್ನನ್ನೇ ಹಳಿದುಕೊಳ್ಳುತ್ತಾಳೆ. ಕೆನಡಾದಲ್ಲಿ, ಸ್ತನ ಕ್ಯಾನ್ಸರ್ ದೇಹದ ಬೇರೆ ಭಾಗಗಳಿಗೂ ಹರಡಿದ್ದ 235 ಹೆಂಗಸರ ಮೇಲೆ ನಡೆದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಅವರಲ್ಲಿ ಕೆಲವರು ವಾರವಾರ ಸೇರಿ ಕೂತು ಭಯ, ಸಿಟ್ಟು, ಅಳು ಎಲ್ಲವನ್ನೂ ಹೊರಹಾಕುತ್ತಿದ್ದರು. ಅದರಿಂದ ಅವರ ಆಯುಷ್ಯ ಕಡಿಮೆಯಾಗಲೂ ಇಲ್ಲ, ಹೆಚ್ಚಾಗಲೂ ಇಲ್ಲ. ಆದರೆ ಮನಸ್ಸಿನ ಸಂಕಟ ತಗ್ಗಿತು, ನೋವಿನ ಅನುಭವವೂ ಕಡಿಮೆಯಾಯಿತು. ಹಾಗಾಗಿ ಅಳು ಬಂದರೆ ಅಳಿ. ಗಂಡನ ಮುಂದೆಯೋ ಅಕ್ಕನ ಮುಂದೆಯೋ ಕೂತು ಅತ್ತರೆ ಇನ್ನೂ ಒಳ್ಳೆಯದು. ಹೆದರಿಕೆಯಿಂದ ಆಗುವ ನಿಜವಾದ ಅಪಾಯ ಒಂದೇ: ಕಿಮೋ ತಪ್ಪಿಸಿಕೊಂಡು, ಯಾರೋ ಹೇಳಿದ ಬೇರು ಪುಡಿ ನಂಬಿ ಕೂರುವುದು. ಅದನ್ನು ಮಾತ್ರ ಮಾಡಬೇಡಿ.

ಇನ್ನು "ನಾನೇನು ತಪ್ಪು ಮಾಡಿದೆ" ಎಂಬ ಪ್ರಶ್ನೆ. ನನ್ನ ಮುಂದೆ ಕೂರುವ ಹೆಂಗಸರಲ್ಲಿ ಇದನ್ನು ಕೇಳದವರು ಬಹಳ ಕಡಿಮೆ. ಒಬ್ಬರು ಅತ್ತೆಯ ಶಾಪ ಅಂದರು, ಇನ್ನೊಬ್ಬರು ಮಗುವಿಗೆ ಬೇಗ ಹಾಲು ಬಿಡಿಸಿದ್ದಕ್ಕೆ ಅಂದರು, ಅನೇಕರು "ಬಹಳ ಚಿಂತೆ ಮಾಡ್ತಿದ್ದೆ, ಅದಕ್ಕೇ ಬಂತು" ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನಸ್ಸಿನ ಒತ್ತಡಕ್ಕೂ ಸ್ತನ ಕ್ಯಾನ್ಸರಿಗೂ ಸ್ಪಷ್ಟ ನಂಟು ಕಾಣಲಿಲ್ಲ. ವಯಸ್ಸು, ಹಾರ್ಮೋನು, ತೂಕದಂಥ ಅಂಶಗಳಿಗೆ ಪಾತ್ರವಿದೆ. ನೂರರಲ್ಲಿ ಐದರಿಂದ ಹತ್ತು ಪ್ರಕರಣಗಳಲ್ಲಿ ವಂಶವಾಹಿಯಿಂದ ಬರುತ್ತದೆ. ಉಳಿದ ಬಹುಪಾಲು ಹೆಂಗಸರಲ್ಲಿ ಇಂಥದ್ದೇ ಕಾರಣ ಎಂದು ಬೊಟ್ಟು ಮಾಡಲು ಆಗುವುದಿಲ್ಲ. ನಿಮ್ಮ ಕರ್ಮದ ಲೆಕ್ಕ ಇದರಲ್ಲಿಲ್ಲ, ಮೇಡಂ.

ಮಗಳಿಗೆ ಹೇಳಿ. ಈ ಸಲಹೆ ನಿಮಗೆ ಕಷ್ಟವಾಗುತ್ತದೆ ಎಂದು ಗೊತ್ತು, ಪರೀಕ್ಷೆ ಬೇರೆ ಹತ್ತಿರ. ಆದರೆ ಮೊದಲ ಡ್ರಿಪ್ ಆದ ಎರಡು ಮೂರು ವಾರಕ್ಕೆ ಸಾಮಾನ್ಯವಾಗಿ ಕೂದಲು ಉದುರತೊಡಗುತ್ತದೆ. ಅದನ್ನು ಅವಳು ದಿಂಬಿನ ಮೇಲೆ ನೋಡಿ ತಿಳಿಯುವುದಕ್ಕಿಂತ ನಿಮ್ಮ ಬಾಯಿಂದ ಕೇಳುವುದು ಮೇಲು. ಎಲ್ಲವನ್ನೂ ಒಂದೇ ಸಲ ಹೇಳಬೇಕಿಲ್ಲ. "ನನಗೆ ಕ್ಯಾನ್ಸರ್ ಬಂದಿದೆ. ಇದಕ್ಕೆ ಚಿಕಿತ್ಸೆ ಇದೆ. ಕೆಲವು ದಿನ ತುಂಬ ಸುಸ್ತಾಗುತ್ತೆ. ಏನಾದರೂ ಗೊತ್ತಾದರೆ ನಿನಗೆ ಮುಚ್ಚಿಡಲ್ಲ." ಇಷ್ಟು ಸಾಕು. "ದೊಡ್ಡ ಕಾಯಿಲೆ", "ಅದು" ಅನ್ನದೆ ಕ್ಯಾನ್ಸರ್ ಎಂಬ ಪದವನ್ನೇ ಬಳಸಿ. ಹೆಸರಿಡದ ಭಯ ಮಕ್ಕಳ ತಲೆಯಲ್ಲಿ ಇನ್ನೂ ದೊಡ್ಡದಾಗುತ್ತದೆ.

ಕೂದಲಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಾನು ಕಂಡ ಒಬ್ಬ ತಾಯಿ ಕಿಮೋಗೆ ಎರಡು ದಿನ ಮುಂಚೆ ಜಗಲಿಯಲ್ಲಿ ಕೂತು, ತಂಗಿಯ ಕೈಗೆ ಹೊಲಿಗೆಯ ಕತ್ತರಿ ಕೊಟ್ಟು ಸೊಂಟದವರೆಗಿದ್ದ ಜಡೆ ಕತ್ತರಿಸಿಕೊಂಡರು. ಇಬ್ಬರೂ ಗೋಳೋ ಎಂದು ಅತ್ತರಂತೆ. ಆಮೇಲೆ ಆ ಜಡೆಯನ್ನು ಮದುವೆಯ ರೇಷ್ಮೆ ರವಿಕೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. "ಉದುರಿ ಹೋಗೋದಲ್ಲ ಸಾರ್, ನಾನೇ ತೆಗೆದಿಟ್ಟಿದ್ದು" ಎಂದರು. ಕೂದಲು ಕಿಮೋ ಮುಗಿದ ಮೇಲೆ ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ, ಹೆಚ್ಚಿನವರಿಗೆ.

ರಿಪೋರ್ಟ್ ಬಂದ ದಿನದಿಂದ ಚಿಕಿತ್ಸೆ ಶುರುವಾಗುವವರೆಗಿನ ಈ ದಿನಗಳೇ ಬಹಳ ಜನರಿಗೆ ಅತಿ ಕೆಟ್ಟವು. ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ಹುಡುಕಬೇಡಿ. ಪ್ರಶ್ನೆಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಡಾಕ್ಟರ ಮುಂದೆ ತೆರೆಯಿರಿ. ವಿಚಾರಿಸಲು ಫೋನ್ ಮಾಡುವವರಿಗೆಲ್ಲ ಉತ್ತರ ಕೊಡುವ ಕೆಲಸ ನಾದಿನಿಗೋ ತಮ್ಮನಿಗೋ ವಹಿಸಿ.

ಎರಡು ವಾರಕ್ಕೂ ಮೀರಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ನಿಮ್ಮ ಕ್ಯಾನ್ಸರ್ ಡಾಕ್ಟರಿಗೇ ಹೇಳಿ, ಮನೋವೈದ್ಯರ ಬಳಿ ಕಳಿಸುತ್ತಾರೆ. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯಬೇಡಿ, ಅಂದೇ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಒಂದು ಎಚ್ಚರಿಕೆ: ಮುಂದೆ ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಎಂಬ ಹಾರ್ಮೋನ್ ಮಾತ್ರೆ ಬರೆದುಕೊಟ್ಟರೆ ಅದನ್ನು ಮನೋವೈದ್ಯರಿಗೆ ತಪ್ಪದೆ ತಿಳಿಸಿ. ಪ್ಯಾರಾಕ್ಸೆಟಿನ್, ಫ್ಲುಆಕ್ಸೆಟಿನ್‌ನಂಥ ಕೆಲವು ಖಿನ್ನತೆಯ ಮಾತ್ರೆಗಳು ಅದರ ಕೆಲಸಕ್ಕೆ ಅಡ್ಡಿ ಮಾಡಬಹುದು. ಬೇರೆ ಮಾತ್ರೆಗಳಿವೆ.

ಪ್ರಶ್ನೆ: ಆರು ತಿಂಗಳ ಹಿಂದೆ ಹೆಂಡತಿಯ ಒಂದು ಸ್ತನ ತೆಗೆದರು. ಈಗ ದೀಪ ಆರಿಸಿಯೇ ಸೀರೆ ಬದಲಿಸುತ್ತಾಳೆ, ಮಗಳ ಕೋಣೆಯಲ್ಲಿ ಮಲಗುತ್ತಾಳೆ. "ನನಗೇನೂ ಬೇಜಾರಿಲ್ಲ" ಎಂದರೆ ಸಿಟ್ಟಾಗುತ್ತಾಳೆ. ನಾನೇನು ಮಾಡಲಿ?
– ಓದುಗರು, ಮಂಡ್ಯ

ಉತ್ತರ: ಬೇಜಾರಾಗಿರುವುದು ಅವರಿಗೆ. "ನನಗೇನೂ ಇಲ್ಲ" ಎಂದಾಗ ಅವರ ದುಃಖಕ್ಕೆ ಬಾಗಿಲು ಹಾಕಿದಂತಾಗುತ್ತದೆ. "ನಿನಗೆ ಹೇಗನ್ನಿಸ್ತಿದೆ?" ಎಂದು ಕೇಳಿ ಸುಮ್ಮನೆ ಕೂರಿ. ಗಾಯದ ಗುರುತು ತೋರಿಸು ಎಂದು ಒತ್ತಾಯಿಸಬೇಡಿ, ಅವರಾಗಿ ತೋರಿಸಿದ ದಿನ ಮುಖ ತಿರುಗಿಸಬೇಡಿ. ಮುಟ್ಟಿದರೆ, ಕೂಡಿದರೆ ಕ್ಯಾನ್ಸರ್ ಹರಡುವುದಿಲ್ಲ. ಹಾರ್ಮೋನ್ ಮಾತ್ರೆಗಳಿಂದ ಯೋನಿ ಒಣಗಿ ನೋವಾಗಬಹುದು. ಬಹಳ ಹೆಂಗಸರು ನಾಚಿಕೆಯಿಂದ ಇದನ್ನು ಹೇಳುವುದಿಲ್ಲ, ಡಾಕ್ಟರಿಗೆ ತಿಳಿಸಿದರೆ ಪರಿಹಾರವಿದೆ.

ಬ್ರಾ ಒಳಗಿಡುವ ಕೃತಕ ಸ್ತನದ ಬಗ್ಗೆ ಆಸ್ಪತ್ರೆಯಲ್ಲಿ ಕೇಳಿ. ಸಿಲಿಕಾನಿನದೂ ಇದೆ, ಬಟ್ಟೆ, ಹತ್ತಿಯದೂ ಇದೆ. ನಂಬಿಕೆಯ ದರ್ಜಿ ಹೆಂಗಸೊಬ್ಬರಿದ್ದರೆ ಬ್ರಾ ಒಳಗೆ ಒಂದು ಜೇಬು ಹೊಲಿದು ಕೊಡುತ್ತಾರೆ. ಒಂದೇ ಒಂದು ಸೂಚನೆ: ನೀವೇ ತಂದು ಕೈಗಿಡಬೇಡಿ. ಬೇಕಾ ಎಂದು ಮೊದಲು ಅವರನ್ನೇ ಕೇಳಿ, ಬೇಕೆಂದರೆ ಜೊತೆಗೆ ಹೋಗಿ.